ಫಸ್ಟ್ ಸೆಮ್‌ನಲ್ಲಿ ಎರಡು ಸಬ್ಜೆಕ್ಟ್ ಹೋದ್ಮೇಲೆ

ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬನೇ. ಬಿ.ಕಾಂ ಮೊದಲ ಸೆಮಿಸ್ಟರ್‌ನಲ್ಲಿ ನಾನು ಎರಡು ಸಬ್ಜೆಕ್ಟ್ ಫೇಲಾಗಿದ್ದೆ. ಈ ಮೈಕ್ ಮುಂದೆ ಇದನ್ನ ಯಾವತ್ತೂ ಹೇಳಿರಲಿಲ್ಲ.

2015. ಹೊನ್ನಾಳಿ ಕಡೆ ಹಳ್ಳಿಯಿಂದ ದಾವಣಗೆರೆಗೆ ಬಂದಿದ್ದೆ. ಪಿಯುಸಿವರೆಗೆ ಕನ್ನಡ ಮೀಡಿಯಂ, ಅಕೌಂಟೆನ್ಸಿಯಲ್ಲಿ 91. ಡಿಗ್ರಿಗೆ ಬಂದ್ರೆ ಎಲ್ಲ ಇಂಗ್ಲಿಷ್. ಸವಕಳಿ ಹೋಗಿ ಡಿಪ್ರಿಸಿಯೇಷನ್ ಆಯ್ತು, ತಾಳೆ ಪಟ್ಟಿ ಟ್ರಯಲ್ ಬ್ಯಾಲೆನ್ಸ್ ಆಯ್ತು. ಲೆಕ್ಕ ಅದೇ, ಹೆಸರು ಬೇರೆ. ಆದ್ರೆ ಕ್ಲಾಸಲ್ಲಿ ಎದ್ದು ನಿಂತು ‘ಸರ್, ಇದಕ್ಕೆ ಕನ್ನಡದಲ್ಲಿ ಏನಂತಾರೆ’ ಅಂತ ಕೇಳೋಕೆ ನಾಚಿಕೆ. ಮೆಲ್ಲಗೆ ಕೊನೆ ಬೆಂಚಿಗೆ ಹೋದೆ. ಪರೀಕ್ಷೆ ಹೊತ್ತಿಗೆ ಗೈಡ್‌ನಲ್ಲಿ ಬಿಡಿಸಿಟ್ಟ ಲೆಕ್ಕಗಳನ್ನ ಬಾಯಿಪಾಠ ಮಾಡ್ತಿದ್ದೆ. ಹೌದು, ಲೆಕ್ಕ ಬಾಯಿಪಾಠ!

ಫೈನಾನ್ಷಿಯಲ್ ಅಕೌಂಟಿಂಗ್‌ನಲ್ಲಿ 80ಕ್ಕೆ 19 ಬಂತು. ಪಾಸಿಗೆ 28 ಬೇಕಿತ್ತು. ಇಂಗ್ಲಿಷೂ ಹೋಯ್ತು. ಮೂರು ವಾರ ಮನೆಗೆ ಹೇಳಲಿಲ್ಲ. ಹೇಳಿದಾಗ ಅಪ್ಪ ಬೈಯಲಿಲ್ಲ. ‘ಆಗ್ದಿದ್ರೆ ಬಂದ್ಬಿಡಪ್ಪ, ಅಂಗಡಿ ನೋಡ್ಕೊಂಡು ಇರುವಂತೆ’ ಅಂದ್ರು. ಬೈದಿದ್ರೇ ವಾಸಿ ಇತ್ತು. ಒಂದು ವರ್ಷ ಟೈಮ್ ಕೊಡಿ ಅಂದೆ.

ಪೇಪರ್ ತಿದ್ದಿದವರದ್ದೇ ತಪ್ಪು ಅಂತ ನನಗೆ ಗ್ಯಾರಂಟಿ. ಫೀಸ್ ಕಟ್ಟಿ ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿದೆ. ಹಾಸ್ಟೆಲ್‌ನ ಸೀನಿಯರ್ ಒಬ್ರು ನೋಡಿ, ‘ಲೇ, ಅಡ್ಜಸ್ಟ್‌ಮೆಂಟ್ ಎಲ್ಲ ಒಂದೇ ಕಡೆ ಬರ್ದಿದೀಯಲ್ಲೋ’ ಅಂದ್ರು. ಕಾಮರ್ಸ್‌ನವರಿಗೆ ಗೊತ್ತಿರುತ್ತೆ: ಮಷಿನ್ ಮೇಲಿನ ಸವಕಳಿ ಲಾಭ-ನಷ್ಟ ಖಾತೆಗೆ ಖರ್ಚಾಗಿ ಹೋಗುತ್ತೆ, ಅಡಾವೆ ಪತ್ರಿಕೆಯಲ್ಲಿ ಮಷಿನ್ ಬೆಲೆಯಿಂದಲೂ ಕಳೀಬೇಕು. ಕೊಡಬೇಕಾದ ಸಂಬಳ ಖರ್ಚಿಗೂ ಸೇರಬೇಕು, ಹೊಣೆಗಳ ಕಡೆಗೂ ಬರಬೇಕು. ನಾನು ಅರ್ಧ ಬರೆದು ಬಿಟ್ಟಿದ್ದೆ. ಪುಟ ತಿರುಗಿಸಿದಷ್ಟೂ ಅದೇ ತಪ್ಪು. ಆ ಜೆರಾಕ್ಸ್ ನೋಡದೇ ಇದ್ದಿದ್ರೆ ನಾನು ದಡ್ಡ ಅಂತ ತೀರ್ಮಾನ ಮಾಡಿ ಊರಿಗೆ ಹೋಗ್ತಿದ್ದೆ.

ಆಮೇಲೆ ದಿನಾ ರಾತ್ರಿ ಊಟಕ್ಕೆ ಮುಂಚೆ ಒಂದು ಲೆಕ್ಕ, ಗೈಡ್ ಮುಚ್ಚಿಟ್ಟು. ಪಕ್ಕದಲ್ಲಿ ಒಂದು ನೋಟ್‌ಬುಕ್: ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ. ಫಸ್ಟ್ ಸೆಮ್ ಬ್ಯಾಕ್ ಪೇಪರ್ ಬಂದಿದ್ದು ಮೂರನೇ ಸೆಮ್ ಜೊತೆಗೆ, ಒಟ್ಟು ಎಂಟು ಪೇಪರ್. ಅದಕ್ಕೇ ರಜೆಯಲ್ಲೇ ಹಳೇ ಎರಡನ್ನೂ ಮುಗಿಸಿಟ್ಟಿದ್ದೆ. ಇಂಗ್ಲಿಷ್‌ನಲ್ಲಿ ಒಂದೂ ಪ್ರಶ್ನೆ ಬಿಡದೆ ಬರೆದೆ, ಅಷ್ಟೇ ಸಾಕಾಯ್ತು. ಅಕೌಂಟಿಂಗ್ 51.

ಈಗ ನಿಮ್ಮ ಲೆಕ್ಕ ಮಾಡೋಣ. ಆರು ಸೆಮಿಸ್ಟರ್, ಕ್ರೆಡಿಟ್ ಎಲ್ಲ ಸಮ ಅಂದ್ಕೊಳ್ಳಿ. ಮೊದಲೆರಡರಲ್ಲಿ 5 ಬಂದು ಉಳಿದ ನಾಲ್ಕರಲ್ಲಿ 7.5 ತೆಗೆದ್ರೆ ಸರಾಸರಿ 6.67. ಏಟು ಬಿದ್ದಿದೆ, ಸುಳ್ಳು ಹೇಳಲ್ಲ. ಆದ್ರೆ ಕಾಮರ್ಸ್ ಪದವೀಧರರು ಸಿಎ ಇಂಟರ್‌ಮೀಡಿಯೇಟ್‌ಗೆ ನೇರವಾಗಿ ಸೇರೋಕೆ ಬೇಕಿರೋದು 55 ಪರ್ಸೆಂಟ್. ಐಬಿಪಿಎಸ್‌ನ ಬ್ಯಾಂಕ್ ಪಿಒ ಪರೀಕ್ಷೆಗೆ, ಯುಪಿಎಸ್‌ಸಿ ಸಿವಿಲ್ ಸರ್ವಿಸಸ್‌ಗೆ ಡಿಗ್ರಿ ಇದ್ರೆ ಸಾಕು, ಇಂತಿಷ್ಟು ಪರ್ಸೆಂಟ್ ಅಂತಿಲ್ಲ. ಕ್ಯಾಂಪಸ್‌ಗೆ ಬರೋ ಕಂಪನಿಗಳಲ್ಲಿ ಹಲವು ಮಾತ್ರ 60 ಕೇಳ್ತವೆ, ಬ್ಯಾಕ್‌ಲಾಗ್ ಇರಬಾರದು ಅಂತಾವೆ. ಹಾಗಾಗಿ ಬ್ಯಾಕ್ ಪೇಪರನ್ನ ಕೊನೆ ವರ್ಷಕ್ಕೆ ತಳ್ಳಬೇಡಿ.

ನನ್ನದು ಕೊನೆಗೆ 63 ಪರ್ಸೆಂಟ್‌ಗೆ ನಿಂತಿತು. ಮೊದಲ ಇಂಟರ್‌ವ್ಯೂನಲ್ಲೇ ಆ ಫೇಲ್ ಬಗ್ಗೆ ಕೇಳಿದ್ರು. ಜೆರಾಕ್ಸ್ ಕಥೆ ಹೇಳಿದೆ, ಕೆಲಸ ಸಿಕ್ತು. ಅಪ್ಪ ಈಗಲೂ ಅಂಗಡಿಗೆ ಬಾ ಅಂತಾರೆ, ಜಿಎಸ್‌ಟಿ ರಿಟರ್ನ್ ಹಾಕಿಕೊಡೋಕೆ.

ರಿಸಲ್ಟ್ ಬಂದವರು ಇದ್ರೆ, ಉತ್ತರ ಪತ್ರಿಕೆ ಜೆರಾಕ್ಸ್‌ಗೆ ಅರ್ಜಿ ಹಾಕೋ ಕೊನೆ ದಿನ ಯಾವುದು ಅಂತ ಇವತ್ತೇ ನೋಡ್ಕೊಳ್ಳಿ. ಅದು ಬೇಗ ಮುಗಿದುಹೋಗುತ್ತೆ. ಮುಂದಿನ ಸಂಚಿಕೇಲಿ ಸಿಗೋಣ.