ಕೊರತೆಯ ಕಾಲದಲ್ಲಿ ದಾಸೋಹದ ವಿವೇಕ

(ಹಳಿಯಾಳದ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ಸರಕಾರಿ ಶಾಲೆ ಮತ್ತು ನಮ್ಮ ಹೊಣೆ’ ಎಂಬ ವಿಷಯ ಕೊಟ್ಟಿದ್ದೀರಿ. ವಿಷಯ ದೊಡ್ಡದು. ಅದರೊಳಗಿನ ಒಂದೇ ಪ್ರಶ್ನೆಯನ್ನು ಹಿಡಿದು ಮಾತನಾಡುತ್ತೇನೆ. ಹಣ ಸಾಲದಾದಾಗ ಶಾಲೆಯಲ್ಲಿ ಯಾವುದನ್ನು ನಿಲ್ಲಿಸಬಹುದು, ಯಾವುದನ್ನು ನಿಲ್ಲಿಸಬಾರದು? ಅದನ್ನು ತೀರ್ಮಾನಿಸುವವರು ಯಾರು?

ಇದಕ್ಕೆ ಶರಣರಲ್ಲಿ ದಾರಿ ಇದೆ. ಜೋಯಿಡಾ ತಾಲೂಕಿನ ಉಳವಿಯಲ್ಲಿ ಅವಿರಳಜ್ಞಾನಿ ಚನ್ನಬಸವಣ್ಣನವರ ಸಮಾಧಿ ಇದೆ. ಕಲ್ಯಾಣದಿಂದ ಹೊರಟ ಶರಣರು ವಚನದ ಕಟ್ಟುಗಳನ್ನು ಹೊತ್ತು ಈ ಕಾಡಿನ ದಾರಿ ತುಳಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಮನೆ ಬಿಟ್ಟರು, ಅಧಿಕಾರ ಬಿಟ್ಟರು, ವಚನ ಬಿಡಲಿಲ್ಲ. ಇಕ್ಕಟ್ಟು ಬಂದಾಗ ಏನನ್ನು ಕೆಳಗಿಳಿಸಬೇಕು, ಏನನ್ನು ಹೊತ್ತು ನಡೆಯಬೇಕು ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಸರಕಾರಗಳು ಇಕ್ಕಟ್ಟಿನ ಕಾಲದಲ್ಲಿ ಮೊದಲು ಕೆಳಗಿಳಿಸುವುದು ಯಾವುದನ್ನು? ನೋಡೋಣ.

2018ರ ಜುಲೈ ಬಜೆಟ್ಟಿನಲ್ಲಿ 28,847 ಸಣ್ಣ ಸರಕಾರಿ ಶಾಲೆಗಳನ್ನು ಒಂದು ಕಿಲೋಮೀಟರ್ ಒಳಗಿನ 8,530 ಶಾಲೆಗಳಲ್ಲಿ ವಿಲೀನಗೊಳಿಸುವ ಮಾತು ಬಂತು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗಾಗಿ ಶುರುವಾಗಿದ್ದ ಉಚಿತ ಸೈಕಲ್ ಕೋವಿಡ್ ಕಾಲದಲ್ಲಿ ನಿಂತಿತು. ಶಾಲೆಗಳು ಮತ್ತೆ ತೆರೆದ ಮೇಲೂ ಬರಲಿಲ್ಲ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಎಸ್‌ಡಿಎಂಸಿಗಳಿಗೆ ಸುತ್ತೋಲೆ ಬಂತು. ಜನ ಸಿಟ್ಟಾದರು, ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಈ ಮೂರು ಕಾಲಕ್ಕೂ ಒಂದೇ ಪಕ್ಷದ ಸರಕಾರ ಇರಲಿಲ್ಲ. ಆದ್ದರಿಂದ ಇದನ್ನು ಒಂದು ಪಕ್ಷದ ತಲೆಗೆ ಕಟ್ಟಲು ನಾನು ಬಂದಿಲ್ಲ. ಯಾರೇ ಬರಲಿ, ಕೊರತೆಯ ಕತ್ತರಿ ಹಳ್ಳಿಯ ಮಗುವಿನ ಕಡೆಗೇ ಯಾಕೆ ತಿರುಗುತ್ತದೆ ಎಂಬುದು ನನ್ನ ಚಿಂತೆ.

ಕೊಠಾರಿ ಆಯೋಗ 1966ರಲ್ಲೇ ದೇಶದ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಕೊಡಿ ಎಂದಿತ್ತು. ಇವತ್ತಿಗೂ ನಾವು ಅಲ್ಲಿಗೆ ಮುಟ್ಟಿಲ್ಲ. ಹಾಗಾಗಿ ‘ಹಣ ಇಲ್ಲ’ ಎಂಬ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಮೂವತ್ತು ಮಕ್ಕಳವರೆಗಿನ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ ನಿಗದಿಯಾಗಿರುವ ಅನುದಾನ 10,000 ರೂಪಾಯಿ. ಸೀಮೆಸುಣ್ಣ, ಕಾಗದ, ಸಣ್ಣಪುಟ್ಟ ರಿಪೇರಿ, ಸ್ವಚ್ಛತೆ ಎಲ್ಲ ಅದರಲ್ಲೇ ಆಗಬೇಕು. ಅಂಥ ಶಾಲೆಯ ಮುಖ್ಯಗುರುಗಳು ‘ಯಾವುದನ್ನು ಬಿಡಲಿ’ ಎಂದು ಪ್ರತಿ ವರ್ಷ ಲೆಕ್ಕ ಹಾಕಲೇಬೇಕು.

ನಮ್ಮ ನಾಲ್ಕು ತಾಲೂಕುಗಳಲ್ಲಿ ಈ ಲೆಕ್ಕ ಇನ್ನೂ ಕಠಿಣ. ಹಳಿಯಾಳ, ಮುಂಡಗೋಡದ ಬಯಲು ಒಂದು ಬಗೆ. ದಾಂಡೇಲಿ ಕಾಗದ ಕಾರ್ಖಾನೆಯ ಊರು. ಹತ್ತು ಭಾಷೆಯ ಕೂಲಿಕಾರರ ಮಕ್ಕಳು ಒಂದೇ ಓಣಿಯಲ್ಲಿದ್ದಾರೆ. ಜೋಯಿಡಾ ಎಂದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಗುಡ್ಡಕ್ಕೊಂದು, ಹಳ್ಳಕ್ಕೊಂದು ಎಂಬಂತೆ ಕುಣಬಿಗಳ ಮನೆಗಳು. ಸಿದ್ದಿಗಳು, ಗೌಳಿಗಳು ಕಾಡಂಚಿನ ವಾಡೆಗಳಲ್ಲಿದ್ದಾರೆ. ಬೆಂಗಳೂರಿನ ನಕಾಶೆಯಲ್ಲಿ ಒಂದು ಕಿಲೋಮೀಟರ್ ಒಂದೇ ಕಿಲೋಮೀಟರ್. ಜುಲೈ ತಿಂಗಳಲ್ಲಿ, ಕಾಲುಸಂಕ ಕೊಚ್ಚಿಹೋದ ಹಳ್ಳದ ಆಚೆ ನಿಂತ ಏಳು ವರ್ಷದ ಮಗುವಿಗೆ ಅದು ದಾಟಲಾಗದ ದೂರ.

ಹಾಗಾದರೆ ಯಾವುದನ್ನು ಬಿಡಬೇಕು? ಅನೇಕ ವರ್ಷ ಶಿಕ್ಷಕನಾಗಿ ದುಡಿದವನು ನಾನು. ಅನುಭವದಿಂದ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು: ಇದು ನಿಂತರೆ ಯಾವುದಾದರೂ ಮಗು ಶಾಲೆಗೆ ಬರುವುದೇ ನಿಲ್ಲುತ್ತದೆಯೆ?

ಎರಡು: ಸರಕಾರ ನಿಲ್ಲಿಸಿದ್ದನ್ನು ಆ ಮಗುವಿನ ಮನೆಯವರು ತಮ್ಮ ದುಡಿಮೆಯಿಂದ ತುಂಬಿಕೊಳ್ಳಬಲ್ಲರೆ?

ಮೂರು: ಈ ವರ್ಷ ನಿಲ್ಲಿಸಿದ್ದನ್ನು ಮುಂದಿನ ವರ್ಷ ಮತ್ತೆ ಮಾಡಬಹುದೆ?

ಗೋಡೆಯ ಬಣ್ಣವನ್ನು ಈ ಪ್ರಶ್ನೆಗಳ ಮುಂದೆ ನಿಲ್ಲಿಸಿ. ಬಣ್ಣ ಮಾಸಿತೆಂದು ಯಾವ ಮಗುವೂ ಶಾಲೆ ಬಿಡುವುದಿಲ್ಲ. ಮುಂದಿನ ವರ್ಷ ಬಳಿದರೂ ಆದೀತು. ಫ್ಲೆಕ್ಸು, ಹಾರ, ಶಾಲು, ಸನ್ಮಾನ, ಒಂದರ ಮೇಲೊಂದು ತರಬೇತಿ, ಕರೆಂಟು ನಿಲ್ಲದ ಊರಿಗೆ ಬಂದು ಪೆಟ್ಟಿಗೆಯಲ್ಲೇ ಧೂಳು ತಿನ್ನುವ ಉಪಕರಣ, ಇವೆಲ್ಲ ಮೊದಲು ಕೆಳಗಿಳಿಯಲಿ. ಸ್ನೇಹ ಸಮ್ಮೇಳನದ ಶಾಮಿಯಾನ ಹೋಗಲಿ. ಮಕ್ಕಳ ಹಾಡು, ನಾಟಕ ಹೋಗಬಾರದು; ಅದಕ್ಕೆ ಶಾಮಿಯಾನ ಬೇಕಿಲ್ಲ, ಶಾಲೆಯ ಮುಂದಿನ ಮಾವಿನಮರದ ನೆರಳು ಸಾಕು.

ಈಗ ಅತಿಥಿ ಶಿಕ್ಷಕರನ್ನು ಅದೇ ಪ್ರಶ್ನೆಗಳ ಮುಂದೆ ನಿಲ್ಲಿಸಿ. ಖಾಯಂ ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುವವರು ಅವರೇ. ಅವರ ನೇಮಕ ಎರಡು ತಿಂಗಳು ತಡವಾದರೆ ಆ ಎರಡು ತಿಂಗಳ ಪಾಠವನ್ನು ಯಾರೂ ಮರಳಿಸಲಾರರು. ಕಾಡಂಚಿನ ಕೂಲಿಕಾರ ಮಗಳಿಗೆ ಟ್ಯೂಷನ್ ಹಚ್ಚಲಾರ. ಇದನ್ನು ಕತ್ತರಿಸುವುದು ಉಳಿತಾಯವಲ್ಲ. ಸರಕಾರದ ಸಾಲವನ್ನು ಮಗುವಿನ ಹೆಸರಿಗೆ ಬರೆದಂತೆ.

ಸೈಕಲ್ ವಿಷಯದಲ್ಲಿ ಸ್ವಲ್ಪ ವಿವೇಕ ಬೇಕು. ಹಳಿಯಾಳದ ಬಯಲಿನಲ್ಲಿ ಹೈಸ್ಕೂಲು ಐದಾರು ಕಿಲೋಮೀಟರ್ ದೂರವಿರುವ ಹುಡುಗಿಗೆ ಸೈಕಲ್ ಎಂದರೆ ಹತ್ತನೆಯ ತರಗತಿ. ಜೋಯಿಡಾದ ಏರು-ಇಳಿತದಲ್ಲಿ ಅದೇ ಸೈಕಲ್ ಮನೆಯ ಗೋಡೆಗೆ ಒರಗಿ ನಿಲ್ಲುತ್ತದೆ. ಅಲ್ಲಿ ಬೇಕಾದದ್ದು ಶಾಲೆಯ ಹೊತ್ತಿಗೆ ಬರುವ ಬಸ್ಸು, ಇಲ್ಲವೆ ಒಂದು ವಸತಿ ನಿಲಯ. ಇಡೀ ರಾಜ್ಯಕ್ಕೆ ಒಂದೇ ಅಳತೆಯಲ್ಲಿ ಕೊಡುವುದೂ ತಪ್ಪು, ಒಂದೇ ಏಟಿಗೆ ಕಸಿಯುವುದೂ ತಪ್ಪು.

ಸಣ್ಣ ಶಾಲೆಗಳ ವಿಲೀನದ ಬಗ್ಗೆಯೂ ಹೇಳಬೇಕು. ಪ್ರತಿಯೊಂದು ವಿಲೀನವೂ ಅನ್ಯಾಯ ಎಂದು ನಾನು ಹೇಳುವುದಿಲ್ಲ. ಐದು ಮಕ್ಕಳು, ಒಬ್ಬರೇ ಶಿಕ್ಷಕರು. ಅವರು ಸಭೆಗೆ ಹೋದ ದಿನ ಶಾಲೆಗೆ ಬೀಗ. ಅದನ್ನು ಶಿಕ್ಷಣ ಎನ್ನುವುದು ಕಷ್ಟ. ಮಗುವಿಗೆ ಜೊತೆಗಾರರು ಬೇಕು, ತರಗತಿಗೊಬ್ಬ ಶಿಕ್ಷಕರು ಬೇಕು. ಆದರೆ ಕ್ರಮ ಮುಖ್ಯ: ಮೊದಲು ವಾಹನ, ಆಮೇಲೆ ಬೀಗ. ವಾಹನ ಒಂದು ಮಳೆಗಾಲ ಪೂರ್ತಿ ತಪ್ಪದೆ ಓಡಿದೆ ಎಂದು ಊರಿನ ತಾಯಂದಿರು ಒಪ್ಪಿದ ಮೇಲೆ ವಿಲೀನದ ಮಾತು. ‘ಬೀಗ ಹಾಕುತ್ತೇವೆ, ವಾಹನ ನೋಡೋಣ’ ಎಂದರೆ ಆ ಮಕ್ಕಳು ದನ ಕಾಯಲು ಹೋದರೆಂದೇ ಲೆಕ್ಕ.

ಮದ್ರಾಸ್ ರಾಜ್ಯದಲ್ಲಿ 1950ರ ದಶಕದ ಆರಂಭದಲ್ಲಿ ಹಣದ ಕೊರತೆ ಹೇಳಿ ಸಾವಿರಾರು ಹಳ್ಳಿ ಶಾಲೆಗಳನ್ನು ಮುಚ್ಚಿದ್ದರು. 1954ರಲ್ಲಿ ಮುಖ್ಯಮಂತ್ರಿಯಾದ ಕಾಮರಾಜರು ಅವುಗಳ ಬಾಗಿಲು ತೆರೆಸಿದರು. ಅಷ್ಟಕ್ಕೇ ನಿಲ್ಲಲಿಲ್ಲ, ಹಸಿದ ಮಗು ಹೇಗೆ ಕಲಿತೀತು ಎಂದು 1956ರಲ್ಲಿ ಮಧ್ಯಾಹ್ನದ ಊಟ ಆರಂಭಿಸಿದರು. ಅದೇ ರಾಜ್ಯ, ಕೆಲವೇ ವರ್ಷಗಳ ಅಂತರ. ಬೊಕ್ಕಸಕ್ಕಿಂತ ಹೆಚ್ಚು ಬದಲಾದದ್ದು ಯಾವುದು ಮೊದಲು ಎಂಬ ತೀರ್ಮಾನ.

ಇನ್ನು, ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಎನ್ನುತ್ತದೆ. ಅದು ಕಾಗದದಲ್ಲಷ್ಟೇ ಉಳಿದರೆ ಏನಾಗುತ್ತದೆ, ಬಾಯಿ ತೆರೆದರೆ ಏನಾಗುತ್ತದೆ ಎಂಬುದನ್ನು ಒಂದು ಸಭೆಯಲ್ಲಿ ಕಂಡೆ. ಆ ವರ್ಷದ ಅನುದಾನವನ್ನು ಕಂಪೌಂಡಿನ ಬಣ್ಣಕ್ಕೆ ಹಾಕುವುದೆಂದು ಗಂಡಸರೆಲ್ಲ ಒಪ್ಪಿಯಾಗಿತ್ತು. ಹಿಂದೆ ಕೂತಿದ್ದ ಒಬ್ಬ ತಾಯಿ ಎದ್ದು ನಿಂತು, ‘ಬಣ್ಣ ಬ್ಯಾಡ್ರಿ ಗುರುಗಳ, ಸಂಡಾಸಕ್ಕ ನೀರು ಮಾಡಸ್ರಿ. ನೀರಿಲ್ಲಂತ ಕೀಲಿ ಹಾಕೀರಿ, ಏಳನೇತ್ತೇದಾಗಿನ ಹುಡುಗ್ಯಾರು ಮಧ್ಯಾಹ್ನ ಊಟಕ್ಕ ಮನಿಗೆ ಬಂದಾವು ಹೊಳ್ಳಿ ಸಾಲಿಗೆ ಹೋಗವಲ್ವು’ ಎಂದಳು. ಸಭೆ ಸುಮ್ಮನಾಯಿತು. ಬಣ್ಣ ಬಿಟ್ಟು ನೀರಿನ ಟಾಕಿ ಇಟ್ಟರು. ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅನುಭವ ಮಂಟಪದ ಅರ್ಥ ಇದೇ ಅಲ್ಲವೆ? ಯಾರಿಗೆ ನೋವು ತಟ್ಟುತ್ತದೆಯೋ ಅವರು ಆ ಸಭೆಯಲ್ಲಿ ಕೂತಿರಬೇಕು.

ಇನ್ನು ನಮ್ಮ ಮನೆಯ ಮಾತು. ಕೆಲವರಿಗೆ ಕಹಿಯಾದೀತು, ಕ್ಷಮಿಸಿ. 2021ರಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಶುರುಮಾಡಿದಾಗ ನಮ್ಮ ಕೆಲವು ಮಠಾಧೀಶರು, ಸಂಘಟನೆಗಳು ವಿರೋಧಿಸಿದವು. ಮೊಟ್ಟೆಗೆ ಹಾಕುವ ಹಣ ದಂಡ ಎಂದವರೂ ಇದ್ದರು. ನಾನು ಮೊಟ್ಟೆ ತಿನ್ನುವವನಲ್ಲ. ನನ್ನ ಮನೆಯಲ್ಲಿ ಬೇಯಿಸುವುದೂ ಇಲ್ಲ. ಆದರೆ ಸಿದ್ದಿ, ಕುಣಬಿ, ಗೌಳಿ ಮಕ್ಕಳ ಮುಂದೆ ಕೂತು ಪಾಠ ಮಾಡಿದ್ದೇನೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುತ್ತಾರೆ. ಯಾರ ಬಾಯಿಗೂ ತುರುಕುವುದಿಲ್ಲ. ನನ್ನ ಆಚಾರ ನನ್ನ ತಟ್ಟೆಗೆ. ಪಕ್ಕದ ಮಗುವಿನ ತಟ್ಟೆಯಿಂದ ಕಸಿಯಲು ಅದಕ್ಕೆ ಅಧಿಕಾರವಿಲ್ಲ. ಸರಕಾರ ಈ ಊಟಕ್ಕೆ ‘ಅಕ್ಷರ ದಾಸೋಹ’ ಎಂದು ಶರಣರ ಮಾತನ್ನೇ ಹೆಸರಾಗಿಟ್ಟಿತು. ದಾಸೋಹದ ಪಂಕ್ತಿಯಲ್ಲಿ ಬಡಿಸುವವನು ಉಣ್ಣುವವನ ಕುಲ ಕೇಳುವುದಿಲ್ಲ. ಯಾವುದನ್ನು ಕತ್ತರಿಸಲಿ ಎಂದು ಸರಕಾರ ನಮ್ಮನ್ನು ಕೇಳಿದ ದಿನ, ಅಪೌಷ್ಟಿಕ ಮಗುವಿನ ಊಟದ ಕಡೆ ಬೆರಳು ತೋರಿಸಿದವರು ಲಿಂಗಾಯತರು ಎಂಬ ಮಾತು ನಮ್ಮ ಮೇಲೆ ಬರಬಾರದು.

ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬರಲು ಹೇಳಿದಳು. ಬಡತನದಲ್ಲೂ ಹೆಚ್ಚಾದದ್ದು ಯಾವುದೆಂದು ಗುರುತಿಸುವ ಕಣ್ಣು ಅವಳದು. ನಮ್ಮ ಜಾತ್ರೆ, ಉತ್ಸವಗಳ ಲೆಕ್ಕವನ್ನು ಆ ಕಣ್ಣಿನಿಂದ ನೋಡೋಣ. ಕಮಾನು, ಫ್ಲೆಕ್ಸು, ಪಟಾಕಿ ಎಷ್ಟು ಬೇಕು?

ಸರಕಾರದ ಕೆಲಸವನ್ನು ಮಠಗಳು ಮಾಡಲಿ ಎಂದು ನಾನು ಹೇಳುತ್ತಿಲ್ಲ. ನಾವು ತುಂಬಿದಷ್ಟೂ ಸರಕಾರ ಕೈ ಬಿಡುತ್ತದೆ ಎಂಬ ಎಚ್ಚರ ಇರಲಿ. ಶಿಕ್ಷಕರ ಸಂಬಳ, ಊಟ, ಪುಸ್ತಕ ಸರಕಾರದ ಹೊಣೆ. ಅದನ್ನು ಕೇಳಿ ಪಡೆಯಬೇಕು. ಆದರೆ ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ತುಮಕೂರಿನ ಸಿದ್ಧಗಂಗೆ ಉಂಡು ಕಲಿಯಲು ಸಾವಿರಾರು ಬಡಮಕ್ಕಳಿಗೆ ಜಾಗ ಕೊಟ್ಟವು. ಆ ದಾರಿಯಲ್ಲಿ ನಮ್ಮ ಕೈಲಾಗುವ ಎರಡು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಈ ನಾಲ್ಕು ತಾಲೂಕುಗಳ ಪ್ರತಿ ಬಸವ ಕೇಂದ್ರದಿಂದ ಇಬ್ಬರು, ಅವರಲ್ಲಿ ಒಬ್ಬರು ತಾಯಿ, ತಮ್ಮೂರ ಸರಕಾರಿ ಶಾಲೆಯ ಪೋಷಕರ ಸಭೆಗೂ ಗ್ರಾಮಸಭೆಗೂ ತಪ್ಪದೆ ಹೋಗಬೇಕು. ನಿಮ್ಮ ಮಕ್ಕಳು ಖಾಸಗಿ ಶಾಲೆಯಲ್ಲಿದ್ದರೂ ಗ್ರಾಮಸಭೆಗೆ ಹೋಗಿ, ಆ ಮೂರು ಪ್ರಶ್ನೆ ಕೇಳಿ. ಎರಡನೆಯದು, ಜೂನ್‌ನಿಂದ ಆಗಸ್ಟ್‌ವರೆಗೆ, ಹಳ್ಳ ತುಂಬಿ ದಾರಿ ಕಡಿದುಹೋಗುವ ಮೂರು ತಿಂಗಳು, ಜೋಯಿಡಾದ ಒಳಹಳ್ಳಿಗಳ ಮಕ್ಕಳಿಗೆ ನಮ್ಮ ಮಠಗಳ, ಸಮುದಾಯ ಭವನಗಳ ಬಾಗಿಲು ತೆರೆಯಲಿ. ಮದುವೆಯ ಮುಹೂರ್ತಗಳು ಕಡಿಮೆಯಾಗಿ ಖಾಲಿ ಬಿದ್ದಿರುವ ಭವನಗಳು ಅವು. ಪೋಷಕರ ಒಪ್ಪಿಗೆ, ಇಲಾಖೆಯ ಅನುಮತಿ, ರಾತ್ರಿ ನೋಡಿಕೊಳ್ಳಲು ಇಬ್ಬರು ತಾಯಂದಿರು, ಇಷ್ಟು ಆಗಬೇಕು. ಕುಲ ಕೇಳದೆ ಸೇರಿಸಿಕೊಳ್ಳಬೇಕು.

ಮಳೆಗಾಲಕ್ಕೆ ಮುಂಚೆ ಇದು ತೀರ್ಮಾನವಾಗಬೇಕು. ಪೂಜ್ಯರು ಇಲ್ಲೇ ಇದ್ದಾರೆ. ಯಾವ ಭವನ, ಎಷ್ಟು ಮಕ್ಕಳು ಎಂದು ಇವತ್ತು ಪ್ರಸಾದಕ್ಕೆ ಏಳುವ ಮೊದಲೇ ಬರೆದುಕೊಳ್ಳೋಣ.