'ಬಂದರು' ಯಾರಿಗೆ, 'ಬಂದ' ಯಾರಿಗೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತು)



ದಲಿತರ ಕತೆಗಳಲ್ಲಿ ಬೈಗುಳ ಜಾಸ್ತಿ, ಭಾಷೆ ಒರಟು ಅನ್ನೋ ದೂರು ಹಳೇದು. ನಾವು ಇದನ್ನ ತಿರುಗಿಸಿ ನೋಡಬೇಕಾಗಿದೆ. ಕನ್ನಡದಲ್ಲಿ ಒಬ್ಬನನ್ನ ಕೀಳು ಮಾಡೋಕೆ ಬೈಗುಳವೇ ಬೇಕಾಗಿಲ್ಲ, ಕ್ರಿಯಾಪದದ ಬಾಲ ಸಾಕು. ಬಂದರು, ಬಂದ. ಹೇಳಿದರು, ಹೇಳಿದಳು. ಇಷ್ಟರಲ್ಲೇ ಯಾರು ಜಗಲಿ ಮೇಲೆ, ಯಾರು ಅಂಗಳದಲ್ಲಿ ಅಂತ ಗೊತ್ತಾಗಿಬಿಡುತ್ತೆ.

1965ರ 'ಸಂಸ್ಕಾರ' ತೆಗೆದು ನೋಡಿ. ಅಗ್ರಹಾರವನ್ನೇ ಪ್ರಶ್ನೆ ಮಾಡಿದ ಕಾದಂಬರಿ ಅದು, ಅನುಮಾನವಿಲ್ಲ. ಆದರೂ ಕತೆ ಹೇಳುವವರಿಗೆ ಪ್ರಾಣೇಶಾಚಾರ್ಯ 'ಆಚಾರ್ಯರು'; ಚಂದ್ರಿ, ಬೆಳ್ಳಿ ಬರೀ 'ಅವಳು'. ಪಾತ್ರಗಳ ಬಾಯಲ್ಲಿ ಹೀಗೆ ಬಂದರೆ ಅದು ಊರಿನ ಸತ್ಯ. ಗೌಡ 'ಏನ್ಲಾ' ಅಂತಾನೆ, ಆಳು 'ಬುದ್ಧಿ' ಅಂತಾನೆ. ಅದನ್ನ ತಿದ್ದಿ 'ಬನ್ನಿ, ಕೂತ್ಕೊಳ್ಳಿ' ಅಂತ ಬರೆದರೆ ಸುಳ್ಳಾಗುತ್ತೆ. ನಮ್ಮ ತಕರಾರು ಸಂಭಾಷಣೆಯ ಹೊರಗಿನ ಏಕವಚನದ್ದು. ಅಲ್ಲಿ ಮಾತಾಡ್ತಿರೋದು ಗೌಡನಲ್ಲ, ಲೇಖಕ.

ಬಹುವಚನ ವಯಸ್ಸಿಗೆ ಕೊಡೋ ಮರ್ಯಾದೆ ಅಂತ ಕೆಲವರು ವಾದಿಸ್ತಾರೆ. 1933ರ 'ಚೋಮನ ದುಡಿ'ಯ ಚೋಮ ಐದು ಮಕ್ಕಳ ತಂದೆ. ಅವನ ವಯಸ್ಸು ಎಲ್ಲಿಗೆ ಹೋಯಿತು?

ದೇವನೂರ ಮಹಾದೇವರ 'ಒಡಲಾಳ'ದ (1981) ಸಾಕವ್ವನೂ ಏಕವಚನದಲ್ಲೇ ಇದ್ದಾಳೆ, ನಿಜ. ಆದರೆ ಅದು ಕೇರಿಯ ಒಳಗಿನ ಮಾತು. ನಮ್ಮಲ್ಲಿ ಅವ್ವನಿಗೆ 'ನೀನು' ಅಂತೀವಿ, ಮೇಲುಕೀಳು ಅದರಲ್ಲಿಲ್ಲ. ಹುಂಜ ಕಳಕೊಂಡ ಸಾಕವ್ವನ ಬಾಯಿ ಜೋರು ಅನ್ನೋರು, ಅವಳ ಕೈಲಿ ಬೇರೆ ಏನಿದೆ ಅಂತ ಕೇಳೋದಿಲ್ಲ.

ಒರಟು ಮಾತು ಯಾರ ಬಾಯಿಂದ ಬಂತು ಅನ್ನೋದರ ಮೇಲೆ ಶಿಕ್ಷೆ ನಿರ್ಧಾರವಾಗುತ್ತೆ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು 'ಬೂಸಾ' ಅಂದರು. ದನ ತಿನ್ನೋ ಬೂಸಾ, ಅಷ್ಟೆ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ರಾಜೀನಾಮೆ ಕೊಡಬೇಕಾಯಿತು.

ಈಗ ಕಾಯಿದೆ ಇದೆ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾಗಿ, ಜನರೆದುರು ಜಾತಿ ಹೆಸರು ಹಿಡಿದು ಬೈಯೋದು ಅಪರಾಧ ಅಂತ ಸ್ಪಷ್ಟವಾಗಿ ಬರೆದರು. ಒಳ್ಳೇದಾಯ್ತು. ಆದರೆ ಬರೀ ಏಕವಚನಕ್ಕೆ ಯಾವ ಠಾಣೇಲಿ ದೂರು ಬರಕೊಳ್ತಾರೆ?

ಮುಂದಿನ ಭಾನುವಾರ ಇಲ್ಲೇ ಸೇರೋಣ. ನಿಮ್ಮ ಪಠ್ಯದ ಒಂದೊಂದು ಕತೆ, ಒಂದು ಪೆನ್ಸಿಲ್ಲು ತನ್ನಿ. ಲೇಖಕರು ಯಾರಿಗೆಲ್ಲ 'ರು' ಹಚ್ಚಿದ್ದಾರೆ ಅಂತ ಗುರುತು ಹಾಕಿ, ಪಕ್ಕದಲ್ಲಿ ಆ ಪಾತ್ರದ ಜಾತಿ ಬರೆಯೋಣ. ನಮ್ಮವರು ಬರೆದದ್ದನ್ನೂ ಬಿಡೋದು ಬೇಡ. ಅವುಗಳಲ್ಲಿ ಹೆಂಗಸರಿಗೆ 'ರು' ಎಷ್ಟು ಸಲ ಸಿಕ್ಕಿದೆ ಅನ್ನೋ ಲೆಕ್ಕವೂ ಆಗಲಿ.