ಸೋಮನಾಥಪುರದ ಇನ್ನೊಂದು ಗುಡಿ

ಮೈಸೂರಿನಿಂದ ಒಂದು ದಿನದ ಪ್ರವಾಸಕ್ಕೆ ಹೊರಡುವವರಿಗೆ ದಾರಿಗಳ ಕೊರತೆಯಿಲ್ಲ. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಹೆದ್ದಾರಿಯಲ್ಲಿ ಮೋಟಾರು ಬಾಣದಂತೆ ಓಡುವುದು. ಆದರೆ ಆ ದಾರಿಯು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರುಗಳನ್ನು ಬಳಸಿಕೊಂಡು ಹೋಗುವುದರಿಂದ ಪಯಣಿಗನಿಗೆ ಊರುಗಳು ಫಲಕಗಳ ಮೇಲಿನ ಹೆಸರುಗಳಾಗಿ ಮಾತ್ರ ಉಳಿಯುತ್ತವೆ. ಊರೊಳಗೆ ಹಾದುಹೋಗುವ ದಾರಿಯೇ ನಮಗೆ ಬೇಕಾಗಿದ್ದುದರಿಂದ ನಾವು ನಾಲ್ವರು ಮಿತ್ರರು ಬನ್ನೂರಿನ ರಸ್ತೆಯನ್ನು ಹಿಡಿದೆವು.

ಬನ್ನೂರೆಂದರೆ ಅನೇಕರಿಗೆ ನೆನಪಾಗುವುದು ಅಲ್ಲಿಯ ಕುರಿ. ಗಿಡ್ಡಕಾಲಿನ ಆ ಸಾಧುಪ್ರಾಣಿಯ ಕೀರ್ತಿಯು ದುರದೃಷ್ಟವಶಾತ್ ಅದರ ಮಾಂಸದ ರುಚಿಯನ್ನು ಆಶ್ರಯಿಸಿದೆ. ನಾವು ಅಲ್ಲಿ ಕಾಫಿಯನ್ನು ಮಾತ್ರ ಕುಡಿದು, ಗದ್ದೆ ಕಬ್ಬುಗಳ ನಡುವೆ ಸೋಮನಾಥಪುರಕ್ಕೆ ನಡೆದೆವು.

ಅಲ್ಲಿಯ ಕೇಶವ ದೇವಾಲಯವನ್ನು ನಾವು ವರ್ಣಿಸಲು ಹೊರಟರೆ ಶ್ರೋತೃಗಳಿಗೆ ಬೇಸರವಾದೀತು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಅದನ್ನು ಪ್ರತಿಷ್ಠೆ ಮಾಡಿಸಿದನು. ಮಲ್ಲಿತಮ್ಮನೆಂಬ ಶಿಲ್ಪಿಯು ಹಲವು ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಕೆತ್ತಿದ್ದಾನೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಕಿದ ಮೇಲೆ ಗಟ್ಟಿಯಾಗುವ ಬಳಪದ ಕಲ್ಲಾದುದರಿಂದಲೇ ಅಂತಹ ನವುರಾದ ಕೆಲಸ ಸಾಧ್ಯವಾಯಿತು. ಆರ್. ನರಸಿಂಹಾಚಾರ್ಯರು ೧೯೧೭ರಲ್ಲಿ ಈ ದೇವಾಲಯವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ೨೦೨೩ರಲ್ಲಿ ಬೇಲೂರು ಹಳೇಬೀಡುಗಳೊಡನೆ ಇದೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮೂರು ಗರ್ಭಗೃಹಗಳಲ್ಲಿ ಕೇಶವನ ಮೂಲವಿಗ್ರಹ ಮಾತ್ರ ಇಲ್ಲ. ಪೂಜೆಯೂ ಇಲ್ಲ.

ನಾವು ಹೇಳಬೇಕೆಂದಿರುವುದು ಬೇರೆಯ ಮಾತು. ಇದಕ್ಕೆ ಮೊದಲು ಎರಡು ಸಲ ನಾವು ಈ ಊರಿಗೆ ಬಂದಿದ್ದೆವು. ಎರಡು ಸಲವೂ ದೇವಾಲಯದಿಂದ ನೇರವಾಗಿ ಮೋಟಾರಿಗೆ ಹಿಂದಿರುಗಿದ್ದೆವು. ಈ ಸಲ ಎಳನೀರು ಮಾರುವ ಮುದುಕಿಯೊಬ್ಬಳು, ಪಂಚಲಿಂಗಕ್ಕೆ ಹೋಗಲಿಲ್ಲವೇ ಎಂದು ಕೇಳಿದಳು. ನಾವು ಇಲ್ಲವೆಂದೆವು. ಆಕೆ ಕೈಯೆತ್ತಿ ದಿಕ್ಕು ತೋರಿಸಿದಳೇ ಹೊರತು ಮತ್ತೇನೂ ಹೇಳಲಿಲ್ಲ.

ಅದೂ ಸೋಮನಾಥನು ಕಟ್ಟಿಸಿದ್ದೇ. ಸಾಲಾಗಿ ಐದು ಗರ್ಭಗೃಹಗಳು. ಒಂದೊಂದರಲ್ಲಿ ಒಂದೊಂದು ಲಿಂಗಕ್ಕೆ ಸ್ಥಾನ. ಕಲ್ಲು ಬಳಪದ್ದಲ್ಲ, ಒರಟು ಕಣಶಿಲೆ. ಶಿಲ್ಪದ ಸೊಗಸೂ ಇಲ್ಲ. ಕಟ್ಟಡವು ಜೀರ್ಣವಾಗಿದೆ. ಸುಂದರವಲ್ಲದ ಕಾರಣ ಅದನ್ನು ನೋಡುವವರಿಲ್ಲ, ನೋಡುವವರಿಲ್ಲದ ಕಾರಣ ಕೇಳುವವರೂ ಇಲ್ಲ. ಆದರೆ ಅಲ್ಲಿ ನಿಂತಾಗಲೇ ಸೋಮನಾಥನು ಮಾಡಿದ ಕೆಲಸದ ಅಳತೆ ನಮಗೆ ತಿಳಿದದ್ದು. ಆತನು ಕಟ್ಟಿಸಿದ್ದು ಒಂದು ದೇವಾಲಯವನ್ನಲ್ಲ, ಒಂದು ಊರನ್ನು. ಅಗ್ರಹಾರವನ್ನು ಸ್ಥಾಪಿಸಿ ಅದಕ್ಕೆ ತನ್ನ ಹೆಸರನ್ನಿಟ್ಟನು. ವಿಷ್ಣುವಿಗೆ ಒಂದು ಕಡೆ, ಶಿವನಿಗೆ ಇನ್ನೊಂದು ಕಡೆ ನೆಲೆ ಮಾಡಿದನು. ಕೇಶವನ ಗುಡಿಯೊಂದನ್ನೇ ನೋಡಿ ಹಿಂದಿರುಗುವವನು ಪತ್ರದ ಮೊಹರನ್ನು ಮೆಚ್ಚಿ ಒಕ್ಕಣೆಯನ್ನು ಓದದೆ ಬಿಟ್ಟಂತೆ. ಎರಡು ಸಲ ನಾವು ಮಾಡಿದ್ದೂ ಅದನ್ನೇ.

ಮಧ್ಯಾಹ್ನ ತಿರುಮಕೂಡಲು ನರಸೀಪುರದಲ್ಲಿ ಕಾವೇರೀ ಕಪಿಲೆಯರ ಸಂಗಮವನ್ನು ಕಂಡು ತಲಕಾಡಿಗೆ ಹೋದೆವು. ಅಲ್ಲಿ ಗುಡಿಗಳನ್ನು ಮುಚ್ಚಿದ್ದು ಮರೆವಲ್ಲ, ಮರಳು. ಚೋಳರಿಂದ ಈ ಪಟ್ಟಣವನ್ನು ಗೆದ್ದು ತಲಕಾಡುಗೊಂಡನೆಂದು ನಾಣ್ಯಗಳಲ್ಲಿ ಬರೆಸಿಕೊಂಡ ವಿಷ್ಣುವರ್ಧನನ ಕೀರ್ತಿನಾರಾಯಣ ದೇವಾಲಯಕ್ಕೆ ಮರಳಿನಲ್ಲಿ ಕಾಲು ಹೂಳುತ್ತ ನಡೆದು ಹೋಗಬೇಕು. ಕಷ್ಟವಾದರೂ ಜನ ಹೋಗುತ್ತಾರೆ; ಮಕ್ಕಳಿಗಂತೂ ಆ ಮರಳೇ ಹಬ್ಬ.

ಸಂಜೆ ಬನ್ನೂರಿನಲ್ಲಿ ಮತ್ತೆ ಕಾಫಿಗೆ ಕುಳಿತಾಗ, ನಮ್ಮ ಮಿತ್ರರೊಬ್ಬರು ದಿನವೆಲ್ಲ ತೆಗೆದ ಛಾಯಾಚಿತ್ರಗಳನ್ನು ತೋರಿಸಿದರು. ಆನೆಗಳ ಸಾಲು, ಕುದುರೆಗಳ ಸಾಲು, ನಕ್ಷತ್ರಾಕಾರದ ಜಗಲಿ ಎಲ್ಲವೂ ಚೆನ್ನಾಗಿ ಬಂದಿದ್ದುವು. ಪಂಚಲಿಂಗದ್ದೆಲ್ಲಿ ಎಂದು ಕೇಳಿದೆವು. ಅಲ್ಲಿ ತೆಗೆಯುವಂಥದ್ದೇನೂ ಇರಲಿಲ್ಲವಲ್ಲ ಎಂದು ಅವರು ಕಾಫಿಯ ಲೋಟವನ್ನು ಎತ್ತಿಕೊಂಡರು.